ಬೇವಿನ ಗಿಡದ ಕೆಳಗಿನ ಸುಬೇದಾರ

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಸೈನ್ಯವು ಖಂಡೆಪ್ಪನವರಿಗೆ ಕೊಟ್ಟದ್ದು ನಾಲ್ಕೇ ಬಡ್ತಿ. ಸಿಪಾಯಿಯಾಗಿ ಸೇರಿದವರು ನಾಯಬ್ ಸುಬೇದಾರ್ ಆಗಿ ನಿವೃತ್ತರಾದರು. ಊರಿಗೆ ಬಂದ ಮೇಲೆ ಮಾತ್ರ ಬಡ್ತಿಗೆ ಬರ ಇರಲಿಲ್ಲ. ಬಂದ ತಿಂಗಳಲ್ಲೇ ಮಂದಿ 'ನಾಯಬ್' ಬಿಟ್ಟು 'ಸುಬೇದಾರ್ ಸಾಬ್ರು' ಎಂದರು. ಮರುವರ್ಷ, ಕಮಲಾಪುರದ ಬಸ್ ನಿಲ್ದಾಣದ ಎದುರು ಹೋಟೆಲ್ ಇಟ್ಟಿದ್ದ ನಾಗಣ್ಣ 'ಕ್ಯಾಪ್ಟನ್' ಎಂದ. ಕೊರೋನಾ ಮುಗಿಯುವ ಹೊತ್ತಿಗೆ ಖಂಡೆಪ್ಪ ಮೇಜರ್ ಆಗಿದ್ದರು.

"ನಾಯಬ್ ಸುಬೇದಾರ್ ಅನ್ನಪಾ ನಾಗಣ್ಣ. ಮೇಜರ್ ಬ್ಯಾರೆ ಇರ್ತಾರ."

"ಇರ್ಲಿ ಬಿಡ್ರಿ ಮೇಜರ್ ಸಾಬ್, ನಮ್ಮ ಕಡಿಂದ ಒಂದು."

ಅವರ ಊರು ಹುಣಸಿವಾಡಿ. ಕಮಲಾಪುರದಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಸುತ್ತ ಕೆಂಪು ಬಾಳೆಯ ತೋಟಗಳು, ಅದರಾಚೆ ತೊಗರಿ ಹೊಲಗಳು. ಖಂಡೆಪ್ಪ ಇದ್ದದ್ದು ಸೈನ್ಯದ ಇಂಜಿನಿಯರ್ ಪಡೆಯಲ್ಲಿ. ಸೇತುವೆ ಕಟ್ಟುವುದು, ರಸ್ತೆ ಕಡಿಯುವುದು, ತಂಬೂ ಹೂಡುವುದು, ಗುಂಡಿ ತೋಡುವುದು ಅವರ ಕೆಲಸ. ಆ ಇಪ್ಪತ್ತೆಂಟು ವರ್ಷವೂ ಊರಲ್ಲಿ ಮನೆ, ಎಮ್ಮೆ, ಎರಡೆಕರೆ ಬಾಳೆ, ಮಗಳು ಸೌಂದರ್ಯಾಳ ಓದು, ಮದುವೆ ಎಲ್ಲವನ್ನೂ ನೋಡಿಕೊಂಡವರು ಹೆಂಡತಿ ಜಯದೇವಿ.

ನಿವೃತ್ತರಾಗಿ ಬಂದ ಮೊದಲ ಸೋಮವಾರ ಖಂಡೆಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಪಡಸಾಲೆಯಲ್ಲಿ ನಿಂತು ಸೀಟಿ ಊದಿದರು. ಅಷ್ಟರಲ್ಲಿ ಜಯದೇವಿ ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಚಹಾ ಕುಡಿದು ವಾಟಗ ತೊಳೆದಿಟ್ಟಿದ್ದರು.

"ಯಾರನ್ನ ಎಬ್ಬಸಾಕತ್ತೀರಿ?" ಎಂದು ಕೇಳಿದರು. "ಮಲಗಿದವರು ನೀವೊಬ್ಬರೇ ಇದ್ರಿ."

ಖಂಡೆಪ್ಪ ಸೀಟಿಯನ್ನು ಟ್ರಂಕಿನಲ್ಲಿಟ್ಟರು. ಈ ಮನೆಗೆ ಕಮಾಂಡರ್ ಮೊದಲೇ ಇದ್ದಾರೆ, ತಾನು ವರ್ಗವಾಗಿ ಬಂದವನು ಎಂಬುದು ಅವರಿಗೆ ಆವತ್ತೇ ತಿಳಿಯಿತು.

ಆ ವರ್ಷದ ಕೊನೆಗೆ ಗ್ರಾಮ ಪಂಚಾಯತಿ ಚುನಾವಣೆ ಬಂತು. ಊರಿನ ಹಿರಿಯರು ಮನೆಗೆ ಬಂದು, "ಸಾಬ್ರ, ನೀವು ನಿಲ್ಲಬೇಕು. ಮಿಲಿಟರಿ ಮನಷ್ಯಾ ಬಂದ್ರ ಪಂಚಾಯತಿ ಸೀದಾ ಆಗ್ತದ" ಎಂದರು. ಆದರೆ ಅವರ ವಾರ್ಡಿನ ಸೀಟು ಮಹಿಳೆಗೆ ಮೀಸಲಾಗಿತ್ತು. ಹಿರಿಯರಿಗೆ ಅದೇನೂ ಅಡ್ಡಿ ಅನ್ನಿಸಲಿಲ್ಲ. "ಅಕ್ಕಾರ ಹೆಸರು ಕಾಗದದಾಗ ಇರ್ಲಿ. ನಡಸೋರು ನೀವು" ಎಂದು ಚಹಾ ಮುಗಿಸಿ ಎದ್ದರು. ಜಯದೇವಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ಸ್ವಲ್ಪ ಜೋರಾದದ್ದು ಖಂಡೆಪ್ಪನವರಿಗೆ ಮಾತ್ರ ಕೇಳಿಸಿತು.

ಮೂರು ದಿನದಲ್ಲಿ ಹೆದ್ದಾರಿಯ ಮೇಲೆ ಬ್ಯಾನರ್ ಬಂತು. ಅದರ ತುಂಬ ಸಮವಸ್ತ್ರ ತೊಟ್ಟು, ಪದಕ ಧರಿಸಿ ನಿಂತ ಖಂಡೆಪ್ಪ. ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಯದೇವಿ. ನೋಡಿದ್ದೇ ಖಂಡೆಪ್ಪನವರ ಮುಖ ಬೆವೆತಿತು. ಸಮವಸ್ತ್ರ ತೋರಿಸಿ ವೋಟು ಕೇಳುವುದು ಅವರ ಲೆಕ್ಕದಲ್ಲಿ ಕೋರ್ಟ್ ಮಾರ್ಷಲ್ ಮಾಡುವಂಥ ಅಪರಾಧ. ಮನೆಯಿಂದ ಏಣಿ ತಂದು, ದಾಡಿಯ ಬ್ಲೇಡು ಹಿಡಿದು ಹತ್ತಿ, ತಮ್ಮ ಚಿತ್ರವನ್ನು ಟೋಪಿಯಿಂದ ಬೂಟಿನವರೆಗೆ ನೀಟಾಗಿ ಕತ್ತರಿಸಿ ತೆಗೆದರು. ಉಳಿದ ಹದಿನೈದು ದಿನ ಆ ಬ್ಯಾನರಿನ ನಡುವೆ ಮನುಷ್ಯನ ಆಕಾರದ ತೂತೊಂದು ಇತ್ತು. ಅದರೊಳಗಿಂದ ಹಿಂದಿನ ತೊಗರಿ ಹೊಲ ಕಾಣುತ್ತಿತ್ತು. ನೋಡಲು ಕಮಲಾಪುರದಿಂದಲೂ ಮಂದಿ ಬಂದರು. ಯಾವ ಅಭ್ಯರ್ಥಿಗೂ ಅಷ್ಟು ಪ್ರಚಾರ ಸಿಗಲಿಲ್ಲ. ಜಯದೇವಿ ನಲವತ್ಮೂರು ವೋಟಿನಿಂದ ಗೆದ್ದರು. ಎರಡೂವರೆ ವರ್ಷ ಸದಸ್ಯೆಯಾಗಿದ್ದು, ಉಳಿದ ಎರಡೂವರೆ ವರ್ಷಕ್ಕೆ ಅಧ್ಯಕ್ಷೆಯೂ ಆದರು.

ಅಧ್ಯಕ್ಷೆಯಾದ ಮಾರನೆಯ ವಾರವೇ ಕಲಬುರಗಿಯಲ್ಲಿ ತರಬೇತಿ. ಸೇಡಂ ರಸ್ತೆಯ ಸಭಾಂಗಣವೊಂದಕ್ಕೆ ಜಿಲ್ಲೆಯ ಅಧ್ಯಕ್ಷೆಯರನ್ನೆಲ್ಲ ಕರೆದಿದ್ದರು. ಖಂಡೆಪ್ಪ ಜಯದೇವಿಯವರನ್ನು ಮೋಟಾರು ಸೈಕಲ್ಲಿನ ಮೇಲೆ ಕರೆತಂದು, ಬಾಗಿಲಲ್ಲಿ ಇಳಿಸಿ, ಎದುರಿನ ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗಂಡಂದಿರು ಹೆಂಡತಿಯರಿಗಿಂತ ಮುಂದೆ ನಡೆದು ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿದ್ದ ನೌಕರನೊಬ್ಬ ಖಂಡೆಪ್ಪನವರ ನೆಟ್ಟನೆಯ ನಿಲುವು ನೋಡಿ, ಓಡಿ ಬಂದು ಕೈ ಮುಗಿದ.

"ಅಧ್ಯಕ್ಷರ ಯಜಮಾನ್ರು ಹೌದಲ್ರೀ? ಒಳಗ ಬರ್ರಿ, ಮುಂದಿನ ಸಾಲಿನ್ಯಾಗ ಕುರ್ಚಿ ಹಾಕೀವಿ."

"ನಾ ಡ್ರೈವರ್ ರೀ" ಎಂದರು ಖಂಡೆಪ್ಪ.

ಒಳಗೆ ವೇದಿಕೆಯ ಮೇಲಿನ ಅಧಿಕಾರಿ ಒಬ್ಬೊಬ್ಬ ಅಧ್ಯಕ್ಷೆಯನ್ನೂ ಪ್ರಶ್ನೆ ಕೇಳಿದರು. ಪ್ರತಿ ಸಲವೂ ಹೆಂಗಸು ಏಳುತ್ತಿದ್ದರು, ಹಿಂದಿನಿಂದ ಗಂಡಸಿನ ದನಿ ಉತ್ತರ ಕೊಡುತ್ತಿತ್ತು. ಜಯದೇವಿಯವರ ಸರದಿ ಬಂದಾಗ, "ನಿಮ್ಮ ಪಂಚಾಯತಿಯಲ್ಲಿ ಕೊಳವೆಬಾವಿ ಎಷ್ಟಿವೆ?" ಎಂದು ಕೇಳಿದರು. ಜಯದೇವಿ ಎದ್ದರು. ಹಿಂದಿನಿಂದ ಯಾರೂ ಮಾತಾಡಲಿಲ್ಲ. ಸಭೆ ಸ್ವಲ್ಪ ಹೊತ್ತು ಕಾಯಿತು. ಅಧಿಕಾರಿಯೂ ಹಿಂದಿನ ಸಾಲಿನತ್ತ ಕತ್ತು ಚಾಚಿ ನೋಡಿದರು. ಕೊನೆಗೆ ಜಯದೇವಿಯವರೇ ಬಾಯಿ ಬಿಟ್ಟರು.

"ಹನ್ನೊಂದು ರೀ. ಅದರಾಗ ನಾಕು ಕೆಟ್ಟಾವ. ಒಂದು ಕೆಟ್ಟಿಲ್ಲ, ಖರೇ ನೀರು ಬರಂಗಿಲ್ಲ. ಮತ್ತೊಂದು ಕಾಗದದಾಗ ಅದ, ಊರಾಗ ಎಲ್ಲಿ ಅದ ಅಂತ ಯಾರಿಗೂ ಗೊತ್ತಿಲ್ಲ."

ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು. ಆ ದಿನ ಅವರು ಬರೆದುಕೊಂಡ ಉತ್ತರ ಅದೊಂದೇ.

ತಿರುಗಿ ಬರುವಾಗ ಕಲಬುರಗಿಯ ಗಾಜಿಪುರ ಓಣಿಯಲ್ಲಿ ಗಾಡಿ ನಿಲ್ಲಿಸಿದರು. ಒಗ್ಗರಣೆ ಮಂಡಕ್ಕಿಯ ಸೂಸಲಾ, ಮಿರ್ಚಿ ಮಾರುವ ಅಂಗಡಿಯ ಮುಂದೆ ಇಳಿದದ್ದೇ ಜಯದೇವಿ ಶುರುಮಾಡಿದರು.

"ಎಲ್ಲಾರ ಗಂಡಂದಿರೂ ಒಳಗ ಬಂದಿದ್ರು. ನೀವು ಗಿಡದ ಕೆಳಗ ನಿಂತ್ರಿ. ನನ್ನ ಕಾಲು ಗಡಗಡ ನಡಗಾಕತ್ತಿದ್ವು."

"ನಡಗಿದ್ರೇನಾತು, ಉತ್ತರ ಕೊಟ್ಟಿಯಲ್ಲ?"

"ನಿಮಗ ಏನ್ ಧಾಡಿ ಆಗಿತ್ತು ಒಳಗ ಬರಾಕ?"

ಖಂಡೆಪ್ಪ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟು, ಹಳೆಯ ಕಥೆಯೊಂದನ್ನು ತೆಗೆದರು. ಅವರು ಹವಾಲ್ದಾರ್ ಆಗಿದ್ದಾಗ ಗುಡ್ಡಗಾಡಿನ ಹೊಳೆಯೊಂದಕ್ಕೆ ಸೇತುವೆ ಕಟ್ಟಿದ್ದರಂತೆ. ಉದ್ಘಾಟನೆಗೆ ಒಬ್ಬ ಕಿರಿಯ ಮಂತ್ರಿ ಬರಬೇಕಿತ್ತು. ಮೂರು ನಕ್ಷತ್ರದ ಜನರಲ್ ಸಾಹೇಬರು ಒಂದು ತಾಸು ಬಿಸಿಲಲ್ಲಿ ನಿಂತು ಕಾದರು. ಕೊನೆಗೆ ಕಾರಿನಿಂದ ಇಳಿದವನು ಸಣಕಲು ಮನುಷ್ಯ. ಕಾಲಲ್ಲಿ ಹವಾಯಿ ಚಪ್ಪಲಿ, ಸ್ವೆಟರ್ ತಿರುವುಮುರುವು. ಜನರಲ್ ಸಾಹೇಬರು ಆತನಿಗೆ ಎಂಥ ಸಲ್ಯೂಟ್ ಹೊಡೆದರೆಂದರೆ ಸೇತುವೆಯ ಹಲಗೆ ಅದುರಿತು.

"ನಮ್ಮ ಸುಬೇದಾರ್ರನ್ನ ಕೇಳಿದೆ, ಇಂಥಾ ಮನಷ್ಯಾಗ ಇಷ್ಟ್ಯಾಕ ಸಾಬ್ ಅಂತ. ಅವರಂದ್ರು, ಈತನ್ನ ಲಕ್ಷ ಮಂದಿ ಆರಿಸಿ ಕಳಿಸ್ಯಾರ. ಜನರಲ್ ಸಾಬ್ರನ್ನ ಯಾರು ಆರಿಸ್ಯಾರ? ಅದಕ್ಕ ಬಂದೂಕ ಇದ್ದವರು ವೋಟು ಇದ್ದವರ ಮಾತು ಕೇಳಬೇಕು, ಅಷ್ಟೇ." ಕೈಯಲ್ಲಿದ್ದ ಮಿರ್ಚಿ ಕಚ್ಚಿ, "ನಿನ್ನ ಮಂದಿ ಆರಿಸ್ಯಾರ ಜಯಾ. ನನ್ನ ಯಾರೂ ಆರಿಸಿಲ್ಲ. ನಾ ಒಳಗ ಬಂದು ಏನಂತ ಕೂಡ್ಲಿ?" ಎಂದರು.

ಜಯದೇವಿ ಇನ್ನೊಂದು ಮಿರ್ಚಿ ತೆಗೆದುಕೊಂಡರು. "ಆ ಮಂತ್ರಿ ಸ್ವೆಟರ್ ಸುದ್ದಿ ಯಾರೂ ಹೇಳಲಿಲ್ಲೇನು ಅವರಿಗೆ?" ಎಂದು ಕೇಳಿದರು.

"ಹೇಳಿದ್ರು. ಜನರಲ್ ಸಾಬ್ರೇ ಕಿವಿಯಾಗ ಹೇಳಿದ್ರು. ಸಲ್ಯೂಟ್ ಆದ ಮ್ಯಾಲ."

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಕಾಗದಕ್ಕೆ ಸಹಿ ಬೇಕಾದವರು ವಾಡಿಕೆಯಂತೆ ಅಧ್ಯಕ್ಷರ ಗಂಡನನ್ನು ಹುಡುಕಿಕೊಂಡು ತೋಟಕ್ಕೆ ಬರುತ್ತಿದ್ದರು. ಖಂಡೆಪ್ಪ ಬಾಳೆಯ ಕಂದು ಕೀಳುತ್ತಾ, "ಮೇಡಂ ಆಫೀಸಿನ್ಯಾಗ ಹತ್ತಕ್ಕ ಕೂಡ್ತಾರ" ಎನ್ನುತ್ತಿದ್ದರು. ಗುತ್ತಿಗೆದಾರ ಅಣವೀರಪ್ಪ ಒಮ್ಮೆ ಎರಡು ಕಿಲೋ ಪೇಡೆ ಹಿಡಿದು ಬಂದು, ಒಂದು ಗಟಾರದ ಬಿಲ್ಲಿನ ಬಗ್ಗೆ 'ಮನೆಯೊಳಗೆ ಒಂದು ಮಾತು' ಹೇಳಲು ಕೇಳಿಕೊಂಡ. ಖಂಡೆಪ್ಪ ಆ ಗಟಾರವನ್ನು ನೋಡಲು ಅವನ ಜೊತೆಗೇ ಹೋಗಿ, ಅದರೊಳಗೆ ಇಳಿದು, ಟೇಪು ಹಿಡಿದು ಅಳೆದರು. ಪೇಡೆಯನ್ನು ಅಣವೀರಪ್ಪ ವಾಪಸ್ ಒಯ್ದ.

ನಾಗಣ್ಣನಿಗೆ ಇದು ಅರ್ಥವೇ ಆಗಲಿಲ್ಲ. ಅವನ ಹೋಟೆಲಿನಲ್ಲಿ ದಿನಾ ಸಂಜೆ ದೇಶದ ಚರ್ಚೆ. ಅದರ ಕೊನೆಯ ಸಾಲು ಎಂದೂ ಬದಲಾಗುತ್ತಿರಲಿಲ್ಲ.

"ಈ ದೇಶಕ್ಕ ಮಿಲಿಟರಿ ಆಳ್ವಿಕಿನೇ ಬರಬೇಕು ನೋಡ್ರಿ. ಐದ್ ವರ್ಷ ಸಾಕು. ಎಲ್ಲಾ ಸೀದಾ."

"ಬಂತು ಅಂತ ತಿಳಕೋ" ಎಂದರು ಖಂಡೆಪ್ಪ ಒಂದು ದಿನ. "ನಾನೇ ಬಂದೆ. ಮೊದಲ ನಿನ್ನ ಹೋಟೆಲ್ ಕಟ್ಟಿ ಒಡಸ್ತೀನಿ. ಮೂರು ಫೂಟು ರಸ್ತಾದ ಮ್ಯಾಲ ಬಂದದ."

ನಾಗಣ್ಣ ಕಟ್ಟೆಯನ್ನೊಮ್ಮೆ ನೋಡಿದ. "ಹಂಗಲ್ರೀ ಮೇಜರ್ ಸಾಬ್" ಎಂದ. "ಮಿಲಿಟರಿ ಬಾಕಿ ಮಂದಿಗೆ ಬರಬೇಕು."

ಖಂಡೆಪ್ಪನವರಿಗೂ ಒಂದು ಆಸೆ ಇತ್ತು. ಕಮಲಾಪುರದ ಸುತ್ತಮುತ್ತ ಒಂಬತ್ತು ಮಂದಿ ಮಾಜಿ ಸೈನಿಕರಿದ್ದರು. ತಿಂಗಳಿಗೊಮ್ಮೆ ನಾಗಣ್ಣನ ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಜಾಗದ ಮಗ್ಗುಲಲ್ಲಿ ಸೇರುತ್ತಿದ್ದರು. ಹುಣಸಿವಾಡಿಯ ಹೆದ್ದಾರಿಗೆ ಹತ್ತಿಕೊಂಡು ಪಂಚಾಯತಿಯ ನಾಲ್ಕು ಗುಂಟೆ ಜಾಗ ಖಾಲಿ ಇತ್ತು. ಅಲ್ಲಿ ಮಾಜಿ ಸೈನಿಕರಿಗೊಂದು ಭವನ ಆಗಬೇಕು, ಗೋಡೆಯ ಮೇಲೆ ತೀರಿಹೋದ ಗೆಳೆಯರ ಫೋಟೋ ಇರಬೇಕು, ಪಿಂಚಣಿಯ ಕಾಗದ ತುಂಬಿಸಿಕೊಳ್ಳಲು ಬರುವ ವಿಧವೆಯರು ಕೂಡಲು ಬೆಂಚು ಇರಬೇಕು ಎಂಬುದು ಒಂಬತ್ತೂ ಮಂದಿಯ ಬೇಡಿಕೆ. ಖಂಡೆಪ್ಪ ಸಂಘದ ಅಧ್ಯಕ್ಷರು. ಹವಾಲ್ದಾರ್ ಪೀರಪ್ಪ ಕಾರ್ಯದರ್ಶಿ. ಪೀರಪ್ಪ ಫಿರಂಗಿ ದಳದಲ್ಲಿದ್ದವನು, ಅವನ ಕಿವಿ ಅರ್ಧ ಹೋಗಿದ್ದರಿಂದ ಪಿಸುಮಾತನ್ನೂ ಕೂಗಿಯೇ ಹೇಳುತ್ತಿದ್ದ.

"ಸಾಬ್, ಪಂಚಾಯತಿ ನಿಮ್ಮ ಮನ್ಯಾಗೇ ಅದ! ಊಟಕ್ಕ ಕೂತಾಗ ಒಂದ್ ಮಾತ್ ಅಂದ್ರ ಕೆಲಸ ಆತು!"

"ಊಟಕ್ಕ ಕೂತಾಗ ಅನ್ನಂಗಿಲ್ಲ. ಅರ್ಜಿ ಬರೀತೀನಿ."

ಅರ್ಜಿಯನ್ನು ಖಂಡೆಪ್ಪ ಪಡಸಾಲೆಯಲ್ಲಿ ಕೂತು ಎರಡು ಸಂಜೆ ಬರೆದರು. ವಿಷಯ, ಉಲ್ಲೇಖ, ಒಂದನೆಯ ಕಂಡಿಕೆ, ಒಂದನೆಯದರ 'ಅ', 'ಆ'. ಜಯದೇವಿ ಹಾದುಹೋಗುವಾಗ, "ಏನ್ ಬರಿಯಾಕತ್ತೀರಿ?" ಎಂದರೆ ಹಾಳೆಯನ್ನು ಮಗುಚಿ, "ಆಫೀಸ್ ಕಾಗದ" ಎಂದರು. ಮರುದಿನ ಎಂದಿನಂತೆ ಹೆಂಡತಿಯನ್ನು ಪಂಚಾಯತಿಗೆ ಬಿಟ್ಟರು. ಗಾಡಿ ತಿರುಗಿಸಿಕೊಂಡು ಹೋಗಿ ಸಂಘದ ಉಳಿದ ಎಂಟು ಮಂದಿಯನ್ನು ಕೂಡಿಸಿಕೊಂಡು ಅದೇ ಪಂಚಾಯತಿಗೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಬೇರೆಯವರಿದ್ದುದರಿಂದ ಮುಕ್ಕಾಲು ತಾಸು ಕಾಯಬೇಕಾಯಿತು. ಕರೆ ಬಂದಾಗ ಒಳಗೆ ಹೋಗಿ ಕಾಲು ಜೋಡಿಸಿ ನಿಂತು, "ಜೈ ಹಿಂದ್ ಮೇಡಂ" ಎಂದರು.

ಜಯದೇವಿ ಅರ್ಜಿ ಓದಿದರು. 'ಅರ್ಜಿದಾರರು: ಖಂಡೆಪ್ಪ, ನಾಯಬ್ ಸುಬೇದಾರ್, ನಿವೃತ್ತ' ಎಂಬಲ್ಲಿಗೆ ಬಂದಾಗ ತುಟಿ ಕಚ್ಚಿ ನಗು ತಡೆದರು. ಮಗ್ಗುಲಲ್ಲಿ ಕೂತಿದ್ದ ಪಿಡಿಒ ವಿವೇಕಾನಂದ ಪಂಚಾಯತಿಯ ಅಧಿಕಾರಿ, ಇನ್ನೂ ಮೂವತ್ತು ದಾಟದ ಹುಡುಗಮೋರೆಯವನು. ಅವನು ಛತ್ತಿನ ಫ್ಯಾನನ್ನೇ ನೋಡುತ್ತಾ ಕೂತಿದ್ದ.

"ಇದೇ ಜಾಗಕ್ಕ ಇನ್ನೊಂದು ಅರ್ಜಿ ಬಂದದ" ಎಂದರು ಜಯದೇವಿ. "ಬಾಳೆಹಣ್ಣು ಮಾರೋ ಹೆಣ್ಮಕ್ಕಳು ಶೌಚಾಲಯ ಕೇಳ್ಯಾರ. ಎರಡನ್ನೂ ಗ್ರಾಮಸಭಾದಾಗ ಇಡ್ತೀನಿ."

"ಸರಿ ಮೇಡಂ. ತಾವು ಹೇಳಿದಂಗ."

ಆ ಸಂಜೆ ಜಯದೇವಿಯವರೇ ಮಾತು ತೆಗೆದರು. "ಅಲ್ರೀ, ಆ ಜಾಗದ ಸುದ್ದಿ..."

"ಮನ್ಯಾಗ ಅರ್ಜಿ ಮಾತು ಬ್ಯಾಡ" ಎಂದು ಖಂಡೆಪ್ಪ ಇನ್ನೊಂದು ರೊಟ್ಟಿ ಕೇಳಿದರು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಪೀರಪ್ಪ ಭವನದ ಪರವಾಗಿ ಹೆದ್ದಾರಿಯವರೆಗೆ ಕೇಳುವಂತೆ ಭಾಷಣ ಮಾಡಿದ. ದೇಶ, ಗಡಿ, ಹಿಮ, ತ್ಯಾಗ ಎಲ್ಲ ಬಂತು. ಮಂದಿ ಚಪ್ಪಾಳೆ ತಟ್ಟಿದರು. ಆಮೇಲೆ ಹಣಮಮ್ಮ ಎದ್ದಳು. ಹೆದ್ದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಗೆ ಬಾಳೆಹಣ್ಣಿನ ಚಿಪ್ಪು ಚಾಚುವವರಲ್ಲಿ ಹಿರಿಯಳು. ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತವಳು.

"ಪೀರಪ್ಪಣ್ಣ ಖರೇ ಹೇಳ್ದ" ಎಂದಳು. "ಗಡಿಯಾಗ ಭಾಳ ತ್ರಾಸ ಅದ. ಖರೇ ಅಲ್ಲಿ ಗುಡ್ಡ ಇರ್ತಾವ, ಮರಿಗಿ ಹೋಗಿ ಕೂಡಬಹುದು. ನಮ್ಮ ಹೆದ್ದಾರಿಯಾಗ ಏನದ? ಆ ಕಡಿಂದ ಹೈದರಾಬಾದ್ ಬಸ್ಸು, ಈ ಕಡಿಂದ ಕಲಬುರಗಿ ಬಸ್ಸು. ಮುಂಜಾನಿ ಏಳಕ್ಕ ಬಂದವರು ಸಂಜಿ ಐದರ ತನಕ ಒಂದ್ ಗುಟುಕು ನೀರು ಕುಡಿಯಂಗಿಲ್ಲ ನಾವು. ಕುಡದ್ರ ಹೋಗೂದು ಎಲ್ಲಿ?"

ಖಂಡೆಪ್ಪ ಮರುಭೂಮಿಯ ಕವಾಯತಿನಲ್ಲಿ ದಿನಕ್ಕೊಂದು ಬಾಟಲಿ ನೀರಿನಲ್ಲಿ ಕಳೆದವರು. ಅದು ಹನ್ನೆರಡು ದಿನ. ಅದಕ್ಕೆ ಅವರಿಗೆ ಪ್ರಮಾಣಪತ್ರ ಸಿಕ್ಕಿತ್ತು. ಅವರು ತಲೆ ತಗ್ಗಿಸಿ ಕೂತರು. ಕೈ ಎತ್ತಲು ಹೇಳಿದಾಗ ಭವನಕ್ಕೆ ಹದಿನೇಳು ಕೈ ಎದ್ದವು. ಅದರಲ್ಲಿ ಖಂಡೆಪ್ಪನವರದೂ ಒಂದು, ಅರ್ಧ ಮಡಿಚಿದ ಕೈ. ಶೌಚಾಲಯದ ಕೈಗಳನ್ನು ವಿವೇಕಾನಂದ ಎಣಿಸಲು ಶುರುಮಾಡಿ ನೂರರ ಮೇಲೆ ಬಿಟ್ಟುಬಿಟ್ಟ.

ಪೀರಪ್ಪನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಖಂಡೆಪ್ಪನವರ ಫೋನು ಒದರಿತು. "ಸಾಬ್, ಜಾಗಾ ಹಿಡದೀವಿ! ಬರ್ರಿ!"

ಖಂಡೆಪ್ಪ ಹೋಗಿ ನೋಡಿದರೆ ನಾಲ್ಕು ಗುಂಟೆಯ ನಡುವೆ ದೊಡ್ಡದೊಂದು ತಂಬೂ ನಿಂತಿತ್ತು. ಮುಂದೆ 'ಮಾಜಿ ಸೈನಿಕರ ಭವನ' ಎಂಬ ಹಲಗೆ. ಎಂಟೂ ಮಂದಿ ಹಳೆಯ ಬೂಟಿಗೆ ಪಾಲಿಶ್ ಮಾಡಿಕೊಂಡು ಸಾಲಾಗಿ ನಿಂತಿದ್ದರು. ಅವರ ಮಗ್ಗುಲಲ್ಲಿ ನಾಗಣ್ಣ ಕಿಟ್ಲಿ ಹಿಡಿದು ಬಂದಿದ್ದ. ಜನ್ಮದಲ್ಲಿ ಮೊದಲ ಸಲ ಪುಕ್ಕಟೆ ಚಹಾ ಹಂಚುತ್ತಾ, "ಬಂತು ನೋಡ್ರಿ ಮಿಲಿಟರಿ ಆಳ್ವಿಕಿ!" ಎಂದು ಸುತ್ತ ನೆರೆದವರಿಗೆ ಹೇಳುತ್ತಿದ್ದ.

ಖಂಡೆಪ್ಪನವರ ಬಾಯಿಂದ ಮೊದಲು ಹೊರಟ ಮಾತು, "ಈ ಮೂಲಿ ಹಗ್ಗ ಸಡ್ಲ ಅದ" ಎಂಬುದು. ತಡೆಯಲಾಗಲಿಲ್ಲ. ಗೂಟ ಕಿತ್ತು ಓರೆಯಾಗಿ ಬಡಿಸಿ, ಹಗ್ಗ ಬಿಗಿಸಿದರು. ಎಂಟು ಮಂದಿಯೂ "ಎಸ್ ಸಾಬ್" ಎಂದರು. ನಾಲ್ಕೈದು ವರ್ಷವಾಗಿತ್ತು ಅವರ ಮಾತಿಗೆ ಯಾರಾದರೂ "ಎಸ್ ಸಾಬ್" ಅಂದು. ಎಮ್ಮೆಯೂ ಕೇಳುತ್ತಿರಲಿಲ್ಲ. ಎದೆಯೊಳಗೆ ಏನೋ ಬೆಚ್ಚಗಾದದ್ದು ಖರೆ. ಇನ್ನೊಂದು ಮಾತು ಹೇಳಿದರೆ ಈ ಎಂಟು ಮಂದಿ ಹೆದ್ದಾರಿಯನ್ನೇ ತಡೆದಾರು ಎನ್ನಿಸಿತು. ಅನ್ನಿಸಿದ್ದೇ ಅವರಿಗೆ ಹೆದರಿಕೆಯಾಯಿತು.

ಅತ್ತ ಪಂಚಾಯತಿಯಲ್ಲಿ ವಿವೇಕಾನಂದ ಬೆವರುತ್ತಿದ್ದ. "ಮೇಡಂ, ಪೊಲೀಸರಿಗೆ ಹೇಳೋಣೇನ್ರಿ? ಇಲ್ಲಾ, ಸಾಬ್ರಿಗೆ ನೀವೇ ಒಂದು ಫೋನ್ ಮಾಡ್ರಿ."

"ಹೆಂಡ್ತಿ ಫೋನ್ ಮಾಡಿದ್ರ ಅವರು ಎತ್ತಂಗಿಲ್ಲ" ಎಂದರು ಜಯದೇವಿ. "ಕಾಗದ ಬರೀರಿ."

ವಿವೇಕಾನಂದ ಗಡಿಬಿಡಿಯಲ್ಲಿ ಆದೇಶ ಟೈಪು ಮಾಡಿ, ಸಹಿ ಹಾಕಿಸಿ, ತಾನೇ ಒಯ್ದ. ಖಂಡೆಪ್ಪ ಅದನ್ನು ತೆಗೆದುಕೊಂಡು, ತಲುಪಿದ ಹೊತ್ತು ಬರೆದು ಸಹಿ ಮಾಡಿ, ಎಲ್ಲರಿಗೂ ಕೇಳುವಂತೆ ಓದಿದರು. "ಸದರಿ ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಇಟ್ಟಿರುವ ತಂಬಿಗೆಯನ್ನು ಮಧ್ಯಾಹ್ನ ಹನ್ನೆರಡರೊಳಗೆ ತೆರವುಗೊಳಿಸತಕ್ಕದ್ದು."

ಬಾಳೆಹಣ್ಣಿನ ಬುಟ್ಟಿಗಳ ಕಡೆಯಿಂದ ಹಣಮಮ್ಮನ ನಗು ಕೇಳಿಸಿತು.

"ತಂಬಿಗಿ!" ಎಂದು ಪೀರಪ್ಪ ಕೂಗಿದ. "ಸಾಬ್, ಕಾಯ್ದೆ ಅಂದ್ರ ಕಾಯ್ದೆ! ತಂಬಿಗಿ ತೆಗೀತೀವಿ, ತಂಬೂ ಇರ್ಲಿ!" ಒಳಗೆ ಹೋಗಿ ತಾನು ಬೆಳಿಗ್ಗೆ ತಂದಿದ್ದ ಹಿತ್ತಾಳೆಯ ತಂಬಿಗೆ ಹಿಡಿದು ಬಂದು, ವಿವೇಕಾನಂದನ ಕೈಗೇ ಕೊಟ್ಟ.

ಖಂಡೆಪ್ಪ ನಗಲಿಲ್ಲ. "ಪಿಡಿಒ ಸಾಹೇಬ್ರ, ಆದೇಶದಾಗ ತಪ್ಪು ಅದ. ತಿದ್ದಿಸಿಕೊಂಡು ಬರ್ರಿ. ನಾ ಇಲ್ಲೇ ನಿಂತಿರ್ತೀನಿ" ಎಂದರು. ವಿವೇಕಾನಂದ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಪಂಚಾಯತಿಗೆ ಓಡಿದ. ಅವನು ಬರುವ ತನಕ ಖಂಡೆಪ್ಪ ಬಿಸಿಲಲ್ಲಿ ಅಲುಗಾಡದೆ ನಿಂತರು. ನಾಗಣ್ಣ ಚಹಾ ಚಾಚಿದರೆ ಕಣ್ಣಿನಲ್ಲೇ ಬೇಡ ಎಂದರು. ತಿದ್ದಿದ ಕಾಗದ ಬಂತು. 'ತಂಬಿಗೆ' ಹೊಡೆದು ಹಾಕಿ, ಮೇಲೆ ಜಯದೇವಿಯವರ ದುಂಡು ಅಕ್ಷರದಲ್ಲಿ 'ತಂಬೂ', ಮಗ್ಗುಲಿಗೆ ಅವರ ಚಿಕ್ಕ ಸಹಿ.

"ಸಾವಧಾನ್!" ಎಂದರು ಖಂಡೆಪ್ಪ. ಎಂಟು ಜೋಡಿ ಬೂಟು ಒಂದೇ ಸಲ ಬಡಿದವು. "ತಂಬೂ ಇಳಸ್ರಿ."

"ಸಾಬ್!" ಪೀರಪ್ಪ ಸಾಲು ಬಿಟ್ಟು ಮುಂದೆ ಬಂದ. "ಅವರು ನಿಮ್ಮ ಮನಿಯವರು!"

"ಮನ್ಯಾಗ ಮನಿಯವರು. ಈ ಕಾಗದದ ಕೆಳಗ ಅಧ್ಯಕ್ಷರು."

"ಈ ಆರ್ಡರ್ ತಪ್ಪದ ಸಾಬ್!"

"ನಂಗೂ ಹಂಗೇ ಅನಸ್ತದ. ಬರದು ಕೊಡೋಣ. ಮೊದಲ ಇಳಸು."

"ಹಂಗಾದ್ರ ಅವರು ಏನ್ ಹೇಳಿದ್ರೂ ಕೇಳಬೇಕೇನು?"

ಖಂಡೆಪ್ಪ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟರು. "ಬಡವರ ಮ್ಯಾಲ ಗುಂಡು ಹಾರಸು ಅಂದ್ರ ಕೇಳಬ್ಯಾಡ ಪೀರಪ್ಪ. ನಾನೂ ಕೇಳಂಗಿಲ್ಲ. ತಂಬೂ ಇಳಸು ಅಂದ್ರ ಇಳಸು. ಇಷ್ಟು ಮಂದಿ ಕೈ ಎತ್ತಿ ಹೇಳ್ಯಾರ. ನಾವು ಒಂಬತ್ತು ಜನ ಗಟ್ಟಿ ಇದ್ದೀವಿ ಅಂತ ಅವರ ಕೈ ಇಳಸಾಕ ಬರ್ತದೇನು?"

ಪೀರಪ್ಪ ಇತ್ತ ನೋಡಿದ, ಅತ್ತ ನೋಡಿದ. ಬುಟ್ಟಿಯ ಹಿಂದೆ ಕೂತ ಹೆಂಗಸರು ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಅವನ ಅತ್ತಿಗೆಯೂ ಇದ್ದಳು. ಅವನು ಹೋಗಿ ಮೊದಲ ಗೂಟ ಕಿತ್ತ. ಹನ್ನೊಂದೂವರೆಗೆ ಜಾಗ ಬರಿದಾಗಿತ್ತು. ಕಿಟ್ಲಿ ಖಾಲಿಯಾದ ನಾಗಣ್ಣ, "ಇಷ್ಟೇ ಏನು?" ಎನ್ನುತ್ತಾ ಕಮಲಾಪುರದ ಟಂಟಂ ಆಟೊ ಹತ್ತಿದ.

ಶೌಚಾಲಯದ ಗುತ್ತಿಗೆ ಅಣವೀರಪ್ಪನಿಗೆ ಹೋಯಿತು. ಅವನು ಒಂದೂವರೆ ಅಡಿ ಗುಂಡಿ ತೋಡಿ, ನಾಲ್ಕು ಸಾಲು ಇಟ್ಟಂಗಿ ಇಟ್ಟು, ಎರಡು ತಿಂಗಳು ಮಾಯವಾದ. ಜಯದೇವಿ ಕಡತ ತರಿಸಿ ಇನ್ನೊಂದು ಆದೇಶ ಬರೆಸಿದರು. ಕಾಮಗಾರಿಯ ಮೇಲ್ವಿಚಾರಣೆಗೆ ಮಾಜಿ ಸೈನಿಕರ ಸಂಘದ ಒಂಬತ್ತು ಮಂದಿಯ ಸಮಿತಿ, ಮುಖ್ಯಸ್ಥರು ಖಂಡೆಪ್ಪ. ಈ ಸಲ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಜಯದೇವಿಯವರೇ ಮೂರು ಸಲ ಓದಿದ್ದರು.

ಆದೇಶ ತೆಗೆದುಕೊಳ್ಳಲು ಖಂಡೆಪ್ಪ ಟೋಪಿ ಹಾಕಿಕೊಂಡು ಹೋದರು. ಬರಿ ತಲೆಯಲ್ಲಿ ಸಲ್ಯೂಟ್ ಹೊಡೆಯುವಂತಿಲ್ಲ ಎಂಬುದು ಸೈನ್ಯದ ನಿಯಮ. ಹೆಂಡತಿಯ ಮೇಜಿನ ಮುಂದೆ ನಿಂತು, ವರ್ಷಗಳ ನಂತರ ಪೂರಾ ಸಲ್ಯೂಟ್ ಹೊಡೆದರು. ಜಯದೇವಿ ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಹೂಂ, ಆತು, ಹೋಗ್ರಿ" ಎಂದರು. ಅವರ ಕಿವಿ ಕೆಂಪಾಗಿದ್ದವು.

ಮುಂದಿನ ನಲವತ್ತು ದಿನ ಅಣವೀರಪ್ಪನ ಪಾಲಿಗೆ ಯುದ್ಧಕಾಲ. ಹನ್ನೊಂದು ರಾಜ್ಯಗಳ ಮಣ್ಣಿನಲ್ಲಿ ಪಾಯಖಾನೆಯ ಗುಂಡಿ ತೋಡಿಸಿದ ಖಂಡೆಪ್ಪನವರಿಗೆ ಒಂದೂವರೆ ಅಡಿಯ ಗುಂಡಿ ಎಂದರೆ ವೈಯಕ್ತಿಕ ಅವಮಾನ. ಪೀರಪ್ಪ ಇಟ್ಟಂಗಿಗಳನ್ನು ಒಂದೊಂದಾಗಿ ನೀರಿನಲ್ಲಿ ಮುಳುಗಿಸಿ ನೋಡಿದ. ಸಿಮೆಂಟು ಕಲಸುವವರ ಮುಂದೆ ಇಬ್ಬರು ಪಾಳಿಯ ಮೇಲೆ ನಿಂತರು. ಬಾಗಿಲಿನ ಚಿಲಕ ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೆಯೋ ಇಲ್ಲವೋ ಎಂದು ಹಣಮಮ್ಮ ಬಂದು ಐದು ಸಲ ಹಾಕಿ ತೆಗೆದು, ಮೂರನೆಯ ಬಾಗಿಲನ್ನು ತಿರಸ್ಕರಿಸಿದಳು. ಅಣವೀರಪ್ಪ ಅದನ್ನು ಬದಲಿಸಿಕೊಟ್ಟು, ಈ ಪಂಚಾಯತಿಯ ಕೆಲಸ ಇನ್ನು ಜನ್ಮಕ್ಕೆ ಬೇಡ ಎಂದು ಕೈ ಮುಗಿದ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದ ಹಣಮಮ್ಮ ಎಲ್ಲರೆದುರೇ ಒಂದು ಚೊಂಬು ನೀರನ್ನು ಗಟಗಟ ಕುಡಿದಳು. ಮಂದಿ ಚಪ್ಪಾಳೆ ತಟ್ಟಿದರು. ಒಂಬತ್ತು ಮಂದಿ ಸಾಲಾಗಿ ನಿಂತು ನೋಡಿದರು. ಭವನ ಆಗಲಿಲ್ಲ. ಅವರ ತಿಂಗಳ ಸಭೆ ಈಗಲೂ ನಾಗಣ್ಣನ ಪಾತ್ರೆಗಳ ಮಗ್ಗುಲಲ್ಲೇ ನಡೆಯುತ್ತದೆ.

ಪಂಚಾಯತಿಯ ಅವಧಿ ಮುಗಿಯಿತು. ಜಯದೇವಿ ಕಚೇರಿಯ ಬೀಗದ ಕೈ ಒಪ್ಪಿಸಿ ಮನೆಗೆ ಬಂದ ದಿನ ಮಧ್ಯಾಹ್ನ, ಜೋಳದ ರೊಟ್ಟಿ, ಪುಂಡಿ ಪಲ್ಲೆ ಹಾಕಿಕೊಂಡು ಇಬ್ಬರೂ ಊಟಕ್ಕೆ ಕೂತರು. ಖಂಡೆಪ್ಪ ಮೊದಲ ತುತ್ತು ನುಂಗಿ ಗಂಟಲು ಸರಿಮಾಡಿಕೊಂಡರು.

"ಈಗ ನೀ ಅಧ್ಯಕ್ಷಿ ಅಲ್ಲ, ಹೌದಲ್ಲ?"

"ಅಲ್ಲ. ಯಾಕ?"

"ಹಂಗಾದ್ರ ಕೇಳು. ಆ ಜಾಗದಾಗ ಎರಡೂ ಹಿಡೀತಿತ್ತು. ಹಿಂದ ಶೌಚಾಲಯ, ಮುಂದ ಭವನ. ನಾ ನಕ್ಷಿ ಹಾಕಿ ನೋಡೀನಿ. ಒಂದೂವರಿ ಗುಂಟೆ ಉಳೀತಿತ್ತು ಮ್ಯಾಲ."

ಜಯದೇವಿಯವರ ಕೈ ತಟ್ಟೆಯಲ್ಲೇ ನಿಂತಿತು. "ಇದನ್ನ ಅವಾಗ ಯಾಕ ಹೇಳಲಿಲ್ಲ?"

"ಬರದು ಕೊಡೋಣ ಅಂತ ಇದ್ದೆ. ಅಷ್ಟರಾಗ ನೀ ನಂಗ ಗುಂಡಿ ತೋಡಸೋ ಆರ್ಡರ್ ಕೊಟ್ಟಿ. ಕೆಲಸ ನಡದಾಗ ತಕರಾರು ತೆಗಿಯೂದು ಶಿಸ್ತಲ್ಲ."

"ಮನ್ಯಾಗ ಬಾಯಿ ಮಾತಿಲೆ ಹೇಳಬಾರದೇನು? ನಾನಾಗೇ ಮಾತು ತಗದಿದ್ದೆ ಆವತ್ತು!"

"ಮನ್ಯಾಗ ಹೇಳಿದ್ರ ಗಂಡ ಹೇಳ್ದಂಗ ಆಗ್ತಿತ್ತು."

ಜಯದೇವಿ ಹಣೆ ಚಚ್ಚಿಕೊಂಡರು. ಬೈದರು. ನಕ್ಕರು. ಮತ್ತೆ ಬೈದರು. ಖಂಡೆಪ್ಪ ಅಂಗಿಯ ಜೇಬಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿಟ್ಟರು. ಎರಡೂವರೆ ವರ್ಷದಲ್ಲಿ ಅಧ್ಯಕ್ಷರ ಜೊತೆ ತಮಗೆ ಒಪ್ಪಿಗೆಯಾಗದ ಹನ್ನೊಂದು ವಿಷಯ, ನಂಬರು ಹಾಕಿ ಬರೆದದ್ದು. ಮೊದಲನೆಯದು ಈಗ ಹೇಳಿದ ಜಾಗ, ಎರಡನೆಯದು ಶಾಲೆಯ ಮುಂದಿನ ದೀಪದ ಕಂಬ. ಅದಕ್ಕೆ ಜಯದೇವಿ ಹತ್ತು ನಿಮಿಷ ಉತ್ತರ ಕೊಟ್ಟರು. ಮೂರನೆಯದು ಗಟಾರದ ಇಳಿಜಾರು. ಅಲ್ಲಿಗೆ ರೊಟ್ಟಿ ತಣ್ಣಗಾಗಿ ಕಟಕಟ ಎನ್ನುತ್ತಿತ್ತು.

"ಉಳಿದದ್ದು ನಾಳಿಗೆ ಇರ್ಲಿ" ಎಂದು ಜಯದೇವಿ ಎದ್ದರು. ಕೈ ತೊಳೆಯುತ್ತಾ, ಏನೂ ಅಲ್ಲವೆಂಬ ದನಿಯಲ್ಲಿ ಹೇಳಿದರು, "ಅಂದಂಗ, ತಾಲೂಕಾ ಪಂಚಾಯತಿಗೆ ನಿಲ್ಲಂತ ಹಣಮಮ್ಮನ ಮಂದಿ ಗಂಟು ಬಿದ್ದಾರ. ನಾ ಹೂಂ ಅಂದೀನಿ."

ಖಂಡೆಪ್ಪನವರ ಕೈಯಲ್ಲಿದ್ದ ರೊಟ್ಟಿಯ ಚೂರು ಪಲ್ಲೆಗೆ ಬಿತ್ತು.

"ಯಾವಾಗ ಅದ ಚುನಾವಣಿ?"

"ಇನ್ನೂ ಗೊತ್ತಿಲ್ಲ."

"ಹಂಗಾದ್ರ ಕೂಡು ಬಾ" ಎಂದು ಖಂಡೆಪ್ಪ ಅವಸರದಿಂದ ಹಾಳೆಯ ಮೇಲೆ ಬೆರಳಿಟ್ಟರು. "ಬಾಕಿ ಎಂಟೂ ಇವತ್ತೇ ಹೇಳಿ ಮುಗಸ್ತೀನಿ."